ಗುರುವಾರದ ಕೀಲಿಕೈ

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಅಂದು ಯಂತ್ರಗಳು ನಿಲ್ಲುತ್ತವೆ, ಕೆಲಸಗಾರರು ಹೊತ್ತೇರುವ ತನಕ ಮಲಗುತ್ತಾರೆ, ಮಂಡಿಯಲ್ಲಿ ಗಂಡಸರು ಚೀಲ ಹಿಡಿದು ಹೆಂಡಂದಿರ ಹಿಂದೆ ನಡೆಯುತ್ತಾರೆ. ಯಂತ್ರಗಳು ನಿಂತ ದಿನವೇ ಸರ್ಕಾರಿ ವಿದ್ಯುತ್ ಕಂಪನಿಯವರಿಗೆ ಕೆಲಸದ ದಿನ. ಸವೆದ ತಂತಿ ಬದಲಿಸುವುದು, ತಂತಿಗೆ ತಾಗುವ ಕೊಂಬೆ ಕಡಿಯುವುದು, ಕಂಬದ ಮೇಲೆ ತಂತಿ ಹೊರುವ ಪಿಂಗಾಣಿ ಬಿರುಕು ಬಿಟ್ಟಿದ್ದರೆ ತೆಗೆದು ಹೊಸದು ಕೂರಿಸುವುದು, ಎಲ್ಲವೂ ಅಂದೇ. ಊರು ಬಿಡುವಾಗಿದ್ದ ದಿನ ನೀತಾಳಿಗೆ ಬಿಡುವಿರಲಿಲ್ಲ. ಉಳಿದ ಲೋಕವೆಲ್ಲ ಬಿಡುವಾಗುವ ಭಾನುವಾರ ಅವಳಿಗೇ ಬಿಡುವು ಬೇಡವಾಗಿತ್ತು.

ನೀತಾ ಆ ಕಂಪನಿಯಲ್ಲಿ ಚಿಂಚವಾಡದ ಒಂದು ವಿಭಾಗದ ಇಂಜಿನಿಯರ್. ಅವಳ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಲೈನಿನ ಮೇಲೆ ಯಾರೇ ಹತ್ತಬೇಕಾದರೂ ಮೊದಲು ಸಬ್‌ಸ್ಟೇಷನ್ನಿಗೆ ಹೋಗಿ ಪರ್ಮಿಟ್ ತೆಗೆದುಕೊಳ್ಳಬೇಕು. ಪರ್ಮಿಟ್ ಎಂದರೆ, ಈ ಲೈನಿನ ಕರೆಂಟ್ ತೆಗೆದಿದ್ದೇವೆ, ನೀವೇ ಬಂದು ಹೇಳುವ ತನಕ ಮತ್ತೆ ಬಿಡುವುದಿಲ್ಲ ಎಂಬ ಮಾತು. ಬರೀ ಮಾತನ್ನು ನಂಬಿ ಕಂಬ ಹತ್ತಲಾಗುವುದಿಲ್ಲವಾದ್ದರಿಂದ ಅದರ ಜೊತೆಗೆ ಒಂದು ಬೀಗವೂ ಇರುತ್ತದೆ. ಪರ್ಮಿಟ್ ತೆಗೆದುಕೊಂಡವರು ಸ್ವಿಚ್ಚಿನ ಹಿಡಿಕೆಗೆ ತಮ್ಮ ಹೆಸರು ಬರೆದ ಕೆಂಪು ಬೀಗ ಜಡಿದು ಕೀಲಿಕೈಯನ್ನು ತಾವೇ ಇಟ್ಟುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಕಂಬದ ಬುಡಕ್ಕೆ ಹೋಗಿ, ಹತ್ತಿದವರೆಲ್ಲ ಇಳಿದದ್ದನ್ನು ಕಣ್ಣಾರೆ ಕಂಡು, ಹಿಂದಿರುಗಿ ತಮ್ಮ ಕೈಯಿಂದಲೇ ಬೀಗ ತೆಗೆಯಬೇಕು. ಎರಡನೆಯ ಕೀಲಿಕೈ ಇರುವುದಿಲ್ಲ. ಬೇರೆಯವರು ತೆಗೆಯುವಂತಿಲ್ಲ, ಮೇಲಧಿಕಾರಿಯಾದರೂ ಸರಿ.

ಬೇರೆ ವಿಭಾಗಗಳಲ್ಲಿ ಈ ಕೆಲಸವನ್ನು ಕೈಕೆಳಗಿನ ಇಂಜಿನಿಯರುಗಳು ಮಾಡುತ್ತಿದ್ದರು. ನೀತಾಳ ವಿಭಾಗದಲ್ಲಿ ಅವಳೇ ಮಾಡುತ್ತಿದ್ದಳು. ಬಿಸಿಲಿರಲಿ, ಜಡಿಮಳೆಯಿರಲಿ, ಗುರುವಾರ ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ, ಸಬ್‌ಸ್ಟೇಷನ್ನಿನ ಆಪರೇಟರ್, ಕನ್ನಡದವನೇ ಆದ ಧರ್ಮರಾಜನ ಎದುರು ನಿಂತು ಸ್ವಿಚ್ಚು ತೆಗೆಸಿ, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಕೈಯನ್ನು ಪರ್ಸಿನ ಒಳಜೇಬಿಗೆ ಹಾಕಿಕೊಳ್ಳುವಳು. ಕಚೇರಿಯಲ್ಲಿ ಇದನ್ನು ನಿಷ್ಠೆ ಎಂದು ಕರೆಯುತ್ತಿದ್ದರು. ಒಂದು ವರ್ಷ ಅದಕ್ಕಾಗಿ ಶಾಲು ಹೊದಿಸಿ ಚಪ್ಪಾಳೆ ತಟ್ಟಿದ್ದೂ ಉಂಟು. ಅವಳ ಕೈಕೆಳಗೆ ಸ್ವಪ್ನಿಲ್ ಎಂಬ ಯುವಕ ಇಂಜಿನಿಯರ್ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬೀಗ ಸಿಗಬೇಕಾದರೆ ವಿಭಾಗದ ಇಂಜಿನಿಯರ್ ಶಿಫಾರಸು ಮಾಡಬೇಕು. ಅವನು ಕೇಳಿದಾಗಲೆಲ್ಲ ನೀತಾ, ಇನ್ನೂ ಸ್ವಲ್ಪ ಕಲಿ ಎನ್ನುತ್ತಿದ್ದಳು.

ಅವಳ ತಂದೆ ಶಿವಪ್ಪ ಇಂಡಿ ತಾಲ್ಲೂಕಿನಿಂದ ಬಂದು ಪಿಂಪ್ರಿಯ ಔಷಧ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಮಗಳು ಇಂಜಿನಿಯರಿಂಗ್ ಓದುವಾಗಲೇ ತೀರಿಕೊಂಡರು. ಉಳಿದವರು ತಾಯಿ ಶಿವಗಂಗವ್ವ ಮತ್ತು ನೀತಾ, ಚಿಂಚವಾಡದ ಎರಡು ಕೋಣೆಯ ಫ್ಲ್ಯಾಟು. ಮದುವೆಯ ಮಾತುಗಳು ಬಂದವು, ಹೋದವು. ಅದರಲ್ಲಿ ಹೇಳುವಂಥ ಕಥೆಯೇನೂ ಇಲ್ಲ. ಬಡ್ತಿ ಎರಡು ಸಲ ಬಂತು. ಬಡ್ತಿಯ ಬೆನ್ನಿಗೇ ವರ್ಗಾವಣೆ, ಒಮ್ಮೆ ನಾಂದೇಡಕ್ಕೆ, ಒಮ್ಮೆ ಗಡಚಿರೋಲಿಗೆ. ತಾಯಿಗೆ ವಯಸ್ಸಾಗಿದೆ ಎಂದು ಬರೆದು ನೀತಾ ಎರಡನ್ನೂ ಬಿಟ್ಟುಕೊಟ್ಟಳು. ಮುದುಕಿ ಎರಡು ಸಲವೂ, "ನಡಿಯವ್ವಾ, ನಾನೂ ಬರ್ತೀನಿ, ಅಲ್ಲೂ ಮಂದಿನ ಇರ್ತಾರ" ಎಂದಿದ್ದಳು. ಅದನ್ನು ನೀತಾ ಯಾರಿಗೂ ಹೇಳಲಿಲ್ಲ.

ಶಿವಗಂಗವ್ವನಿಗೆ ವೋಲ್ಟು, ಆಂಪಿಯರು ತಿಳಿಯದು. ಗುರುವಾರ ಮಗಳು ಜನರನ್ನು ಕಂಬ ಹತ್ತಿಸುತ್ತಾಳೆ, ಸಂಜೆಗೆ ಇಳಿಸುತ್ತಾಳೆ ಎಂಬುದಷ್ಟೇ ಗೊತ್ತು. ಸಂಜೆ ನೀತಾ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಕೇಳುವಳು: "ಎಲ್ಲಾರೂ ಇಳದ್ರೇನವ್ವಾ?"

"ಇಳದ್ರು."

ಆ ಮೇಲೆ ಹಂಚು ಒಲೆಯ ಮೇಲೆ ಏರುವುದು, ರೊಟ್ಟಿ ಬಡಿಯುವ ಸದ್ದು ಕೇಳುವುದು. ಮಗಳ ಉತ್ತರ ಬರುವ ತನಕ ಮುದುಕಿ ಹಿಟ್ಟಿಗೆ ಕೈ ಹಾಕುತ್ತಿರಲಿಲ್ಲ. ಅದು ನೀತಾಳ ಗಮನಕ್ಕೆ ಬಂದದ್ದು ತಾಯಿ ಹೋದ ಮೇಲೆ.

ತಾಯಿ ಹೋಗಿ ಎರಡು ವರ್ಷ. ಒಬ್ಬಳಿಗಾಗಿ ಹಿಟ್ಟು ನಾದುವುದು ನೀತಾಳಿಗೆ ಏಕೋ ಅವಮಾನವೆನಿಸಿತು. ರಸ್ತೆಯ ತಿರುವಿನ ಪೋಳಿ-ಭಾಜಿ ಅಂಗಡಿಯಿಂದ ಚಪಾತಿ ಪಲ್ಯದ ಪೊಟ್ಟಣ ತರತೊಡಗಿದಳು. ವಾರದ ದಿನಗಳು ಹೇಗೋ ಸರಿಯುತ್ತಿದ್ದವು. ಭಾನುವಾರವನ್ನು ದೂಡುವ ಉಪಾಯವೆಂದರೆ ಕಚೇರಿಯವರ ಭಾನುವಾರದ ಪಾಳಿಯನ್ನು ತಾನು ವಹಿಸಿಕೊಳ್ಳುವುದು. ಮಕ್ಕಳೊಂದಿಗರಾದ ಸಹೋದ್ಯೋಗಿಗಳು, ಮ್ಯಾಡಮ್ ದೇವರಂಥವರು ಎಂದರು. ಮ್ಯಾಡಮ್ ಯಾಕೆ ಬರುತ್ತಾರೆ ಎಂದು ಯಾರೂ ಕೇಳಲಿಲ್ಲ. ಉಪಕಾರ ಪಡೆಯುವವರು ಸಾಮಾನ್ಯವಾಗಿ ಕೇಳುವುದಿಲ್ಲ.

ಹೀಗಿರುವಾಗ ಹಡಪಸರದಿಂದ ಕರೆ ಬಂತು. ಅಲ್ಲಿನ ಐಟಿ ಕಟ್ಟಡಗಳಿಗೆ ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವ ಖಾಸಗಿ ಕಂಪನಿಯೊಂದು ಸುರಕ್ಷತೆಯ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಕರೆ ಮಾಡಿದವಳು ಭಾಗ್ಯಾ, ಬೆಂಗಳೂರಿನವಳು. ಯಾವುದೋ ತರಬೇತಿಯಲ್ಲಿ ನೀತಾಳ ಪಕ್ಕ ಕುಳಿತು ಊಟ ಮಾಡಿದ್ದಳು, ಈಗ ಆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಳು.

"ನೀತಾ, ನಿಮ್ಮಂಥವರು ನಮಗೆ ಸಿಗೋದೇ ಇಲ್ಲ ಗೊತ್ತಾ? ಒಳ್ಳೆ ಪೋಸ್ಟ್, ಕಂಬ ಸುತ್ತೋದಿಲ್ಲ, ಬಿಸಿಲಿಲ್ಲ. ಸ್ಯಾಟರ್ಡೇ ಸಂಡೇ ಎರಡೂ ರಜ. ಫೋನೇ ಬರಲ್ಲ ಕಣ್ರೀ! ಇನ್ನೇನು ಬೇಕು ಹೇಳಿ?"

"ವಿಚಾರ ಮಾಡಿ ಹೇಳ್ತೀನ್ರಿ" ಎಂದಳು ನೀತಾ.

ಆ ವಿಚಾರ ತಿಂಗಳುಗಟ್ಟಲೆ ನಡೆಯಿತು. ಬಡ್ತಿಯ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದಳು. ಮೊಣಕಾಲು ನೋಯುತ್ತಿತ್ತು. ಸರ್ಕಾರಿ ನೆರಳು ಬಿಡುವ ಭಯವಿದೆ ಎಂದು ಕೇಳಿದವರಿಗೆ ಹೇಳುತ್ತಿದ್ದಳು, ಅವರೂ ಒಪ್ಪುತ್ತಿದ್ದರು. ಆದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ರಜೆಯ ದಿನಗಳು. ಒಂದು ಭಾನುವಾರವನ್ನೇ ದೂಡಲಾರದವಳು ಶನಿವಾರವನ್ನೂ ಸೇರಿಸಿಕೊಂಡು ಏನು ಮಾಡಬೇಕು? ಇಂಥ ಕಾರಣಕ್ಕೆ ಯಾರಾದರೂ ನೌಕರಿ ಬಿಡದೆ ಇರುತ್ತಾರೆಯೇ?

ಪರೀಕ್ಷೆಗೆಂದು ಒಂದು ಭಾನುವಾರ ಪಾಳಿ ತೆಗೆದುಕೊಳ್ಳದೆ ಲೋಕಲ್ ರೈಲು ಹತ್ತಿ ಲೋಣಾವಳಾಕ್ಕೆ ಹೋದಳು. ಮಳೆ ಸುರಿಯುತ್ತಿತ್ತು. ಕುಟುಂಬಗಳು ಒಂದೇ ಕೊಡೆಯ ಕೆಳಗೆ ನೂಕಾಡುತ್ತ ಜೋಳದ ತೆನೆ ತಿನ್ನುತ್ತಿದ್ದವು. ಅವಳೂ ಒಂದು ತೆನೆ ಕೊಂಡಳು, ನಿಂತು ತಿಂದಳು. ಎಲ್ಲರೂ ಚಿಕ್ಕಿ ಕೊಳ್ಳುತ್ತಿದ್ದರೆಂದು ಒಂದು ದೊಡ್ಡ ಡಬ್ಬಿ ಚಿಕ್ಕಿಯನ್ನೂ ಕೊಂಡು ಮುಂದಿನ ರೈಲಿಗೇ ಹಿಂದಿರುಗಿದಳು. ಮನೆಗೆ ಬಂದ ಮೇಲೆ ಡಬ್ಬಿಯನ್ನು ಯಾರಿಗೆ ಕೊಡುವುದೆಂದು ಯೋಚಿಸಿದಳು. ಗುರುವಾರ ಕಾಂತಪ್ಪನ ಗ್ಯಾಂಗಿಗೆ ಕೊಟ್ಟಳು.

ಕಾಂತಪ್ಪ ಸುರಪುರದ ಕಡೆಯವನು. ಗುತ್ತಿಗೆದಾರನ ಕೈಕೆಳಗೆ ಊರಿನ ಹುಡುಗರನ್ನು ಕಟ್ಟಿಕೊಂಡು ಕಂಬ ಹತ್ತುವ ಕೆಲಸ ಮಾಡಿಸುತ್ತಿದ್ದ. ನೀತಾ ಕನ್ನಡದವಳೆಂದು ತಿಳಿದ ದಿನದಿಂದ ಮ್ಯಾಡಮ್ ಎನ್ನುವುದನ್ನು ಬಿಟ್ಟು ಅಕ್ಕಾರ ಎನ್ನತೊಡಗಿದ್ದ. ವಾರದಲ್ಲಿ ಅವಳ ಬಾಯಿಂದ ನಾಲ್ಕು ಮಾತು ಕನ್ನಡ ಹೊರಡುತ್ತಿದ್ದರೆ ಅದು ಆ ದಿನವೇ.

"ಚಿಕ್ಕಿ ಭಾಳ ಛಲೋ ಅದಾವ್ರಿ" ಎಂದು ಗ್ಯಾಂಗಿನ ಮಾಂತು ಎರಡು ಬಾಯಿಗೆ ಹಾಕಿಕೊಂಡ. "ಲೋಣಾವಳಾಕ ಯಾರ ಜೋಡಿ ಹೋಗಿದ್ರಿ ಅಕ್ಕಾರ?"

"ಒಬ್ಬಾಕಿನ ಹೋಗಿದ್ದೆ."

"ಒಬ್ಬರ? ಅಲ್ಲಿಗಿ ಒಬ್ಬರ ಯಾರ್ ಹೋಗ್ತಾರ್ರಿ!"

"ಏ, ದೇವ್ರು ತಿನ್ನಾಕ ಬಾಯಿ ಕೊಟ್ಟಾನ, ಸುಮ್ಮ ತಿನ್ನು" ಎಂದು ಕಾಂತಪ್ಪ ಗದರಿದ.

ದಸರೆಯ ಮುಂಚಿನ ಒಂದು ಗುರುವಾರ. ನೀತಾ ಎಂದಿನಂತೆ ಪರ್ಮಿಟ್ ತೆಗೆದುಕೊಂಡು, ಬೀಗ ಹಾಕಿ, ಗ್ಯಾಂಗನ್ನು ಕಂಬ ಹತ್ತಿಸಿದ್ದಳು. ಕಾರ್ಮಿಕರ ಕಾಲೊನಿಯ ಬೆನ್ನಿಗಿದ್ದ ಲೈನು ಅದು. ಹೊತ್ತು ಇನ್ನೂ ಏರಿರಲಿಲ್ಲ, ಭಾಗ್ಯಾಳ ಫೋನ್ ಬಂತು.

"ನೀತಾ, ಪ್ಲೀಸ್ ಇವತ್ತೇ ಬಂದ್ಬಿಡಿ. ಮುಂಬಯಿಯಿಂದ ನಮ್ಮ ಡೈರೆಕ್ಟರ್ ಬಂದಿದ್ದಾರೆ, ಸಂಜೆ ಫ್ಲೈಟು. ನಿಮ್ಮನ್ನ ನೋಡ್ಲೇಬೇಕಂತೆ. ಇವತ್ತು ಬಿಟ್ರೆ ಆ ಪೋಸ್ಟ್ ಬೇರೆಯವರಿಗೆ ಹೋಗತ್ತೆ, ನಾನೇನೂ ಮಾಡಕ್ಕಾಗಲ್ಲ."

ಪರ್ಮಿಟ್ ಹಿಡಿದವರು ಜಾಗ ಬಿಟ್ಟು ಹೋಗುವಂತಿಲ್ಲ. ಹೋಗಲೇಬೇಕಾದರೆ ಎಲ್ಲರನ್ನೂ ಇಳಿಸಿ, ಬೀಗ ತೆಗೆದು, ಇನ್ನೊಬ್ಬರ ಹೆಸರಿನಲ್ಲಿ ಹೊಸದಾಗಿ ಪರ್ಮಿಟ್ ಕೊಡಿಸಬೇಕು. ಇನ್ನೊಬ್ಬನೆಂದರೆ ಸ್ವಪ್ನಿಲ್. ಅವನ ಹೆಸರಿಗೆ ಬೀಗವಿಲ್ಲ. ಉಳಿದ ದಾರಿಗಳು ಎರಡೇ, ಅಂದಿನ ಕೆಲಸವನ್ನೇ ನಿಲ್ಲಿಸುವುದು, ಅಥವಾ ಭಾಗ್ಯಾಳಿಗೆ ಆಗುವುದಿಲ್ಲ ಎನ್ನುವುದು. ನೀತಾ ಎರಡನ್ನೂ ಮಾಡಲಿಲ್ಲ. ಸ್ವಪ್ನಿಲನನ್ನು ಕರೆದು, ನನಗೊಂದು ತುರ್ತಿದೆ, ಕೆಲಸ ಮುಗಿಯುವುದರೊಳಗೆ ಬರುತ್ತೇನೆ ಎಂದು ಟ್ಯಾಕ್ಸಿ ಹತ್ತಿದಳು. ಇದು ತಪ್ಪು. ತಪ್ಪೆಂದು ಅವಳಿಗೆ ಆಗಲೇ ಗೊತ್ತಿತ್ತು. ಕೀಲಿಕೈ ಪರ್ಸಿನ ಒಳಜೇಬಿನಲ್ಲಿತ್ತು.

ಹಡಪಸರದ ಕಚೇರಿ ತಣ್ಣಗಿತ್ತು. ಡೈರೆಕ್ಟರ್ ಸಾಹೇಬರು ಕೂರಿಸಿ ಕಾಯಿಸಿದರು, ಆ ಮೇಲೆ ಸೌಜನ್ಯದಿಂದಲೇ ಮಾತಾಡಿದರು. ತಮ್ಮ ನಿಯಂತ್ರಣ ಕೋಣೆಯನ್ನು ತಾವೇ ನಡೆದು ತೋರಿಸಿದರು. ಗೋಡೆಯ ತುಂಬ ಪರದೆಗಳು, ಪರದೆಗಳ ಮೇಲೆ ಹಸಿರು ಕೆಂಪು ಗೆರೆಗಳು, ನಾಲ್ಕಾರು ಹುಡುಗ ಹುಡುಗಿಯರು ಕಿವಿಗೆ ಏನೋ ಸಿಕ್ಕಿಸಿಕೊಂಡು ಕುಳಿತಿದ್ದರು. ಇಲ್ಲಿಯೂ ಬೀಗವಿದೆ, ಆದರೆ ಒಬ್ಬರ ಹೆಸರಿನಲ್ಲಿಲ್ಲ. ಹಾಕಿದವರು ಇಲ್ಲದಿದ್ದರೆ ಅಷ್ಟೇ ಅಧಿಕಾರವುಳ್ಳ ಇನ್ನೊಬ್ಬರು ಬಂದು, ಸ್ಥಳದಲ್ಲಿ ನೋಡಿ, ತೆಗೆಯುತ್ತಾರೆ. ಅದಕ್ಕೂ ಕಟ್ಟುನಿಟ್ಟಾದ ಕ್ರಮವಿದೆ.

"ನಮ್ಮಲ್ಲಿ ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ" ಎಂದರು ಸಾಹೇಬರು ಹಿಂದಿಯಲ್ಲಿ, ಹೆಮ್ಮೆಯಿಂದ.

ಇಂಜಿನಿಯರಾಗಿ ನೀತಾ ಅದನ್ನು ಒಪ್ಪಿದಳು. ವ್ಯವಸ್ಥೆ ಹಾಗೆಯೇ ಇರಬೇಕು, ಒಬ್ಬ ಮನುಷ್ಯನ ಮೇಲೆ ನಿಂತದ್ದು ವ್ಯವಸ್ಥೆಯಲ್ಲ. ಆದರೂ ಆ ಮಾತಿಗೆ ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಕೋಣೆ ಅಷ್ಟು ತಣ್ಣಗಿತ್ತು.

ಫೋನ್ ನಡುಗಿತು. ಧರ್ಮರಾಜ.

"ಮ್ಯಾಡಮ್ಮಾರ, ಎಲ್ಲಿದ್ದೀರಿ? ಕೆಲಸ ಆವಾಗ್ಲೇ ಮುಗದದ. ಇವತ್ತ ಲಗೂನ ಮುಗಿಸ್ಯಾರ. ಸ್ವಪ್ನಿಲ್ ಸಾಹೇಬ್ರು ಇಲ್ಲೇ ಬಂದು ನಿಂತಾರ. ಕೀಲಿಕೈ ಎಲ್ಲಿ ಇಟ್ಟೀರಿ?"

"ನನ್ನ ಹತ್ರ ಅದ."

"ನಿಮ್ಮ ಹತ್ರ ಅಂದ್ರ, ನೀವ್ ಎಲ್ಲಿದ್ದೀರಿ?"

"ಹಡಪಸರದಾಗ."

ಧರ್ಮರಾಜ ದನಿ ತಗ್ಗಿಸಿ ಕೇಳಿದ: "ಬೀಗ ಒಡೀಲೇನ್ರಿ? ಸ್ವಪ್ನಿಲ್ ಸಾಹೇಬ್ರು ಕಂಬದ ಬುಡಕ್ಕ ಹೋಗಿ ಎಲ್ಲಾರನ್ನೂ ನೋಡಿ ಬಂದಾರ. ನೀವು ಹೂಂ ಅನ್ರಿ ಸಾಕು, ಒಂದು ಏಟು. ನಾ ಬಾಯಿ ಬಿಡಂಗಿಲ್ಲ. ಕಾಲೊನ್ಯಾಗ ನೀರ್ ಬಿಡೋ ಹೊತ್ತಾತ್ರಿ, ಕರೆಂಟ್ ಇಲ್ಲಂದ್ರ ಮ್ಯಾಲಿನ ಟಾಕಿಗೆ ನೀರು ಏರಂಗಿಲ್ಲ. ಹೆಣ್ಮಕ್ಕಳು ಗೇಟಿಗೆ ಬಂದಾರ."

ಆ ಕಾಲೊನಿಗೆ ನೀರು ಬರುವುದು ಒಂದು ದಿನ ಬಿಟ್ಟು ಒಂದು ದಿನ. ನೀತಾಳಿಗೆ ಅದು ಗೊತ್ತಿತ್ತು. ಹೂಂ ಎನ್ನಲು ಬಾಯಿ ತೆರೆದಳು. ಕೈ ಪರ್ಸಿನೊಳಗೆ ಹೋಗಿ ಕೀಲಿಕೈಯನ್ನು ಹಿಡಿದುಕೊಂಡಿತ್ತು.

"ಬ್ಯಾಡ" ಎಂದಳು. "ಯಾರೂ ಕೈ ಹಚ್ಚಬ್ಯಾಡ್ರಿ. ನಾ ಬರ್ತೀನಿ."

ಭಾಗ್ಯಾ ಲಿಫ್ಟಿನವರೆಗೆ ಬಂದಳು. "ಏನಾಯ್ತು? ಅವರಿಗೆ ನೀವು ತುಂಬಾ ಇಷ್ಟ ಆಗಿದ್ದೀರಿ. ಯೆಸ್ ಅಂದ್ಬಿಡಿ, ಮುಗಿದುಹೋಗತ್ತೆ."

"ಒಂದು ವಾರ ಕೊಡ್ರಿ."

"ಒಂದೇ ವಾರ ನೀತಾ. ಆಮೇಲೆ ನನ್ನ ಕೈಲಿ ಇರಲ್ಲ."

ಹಡಪಸರದಿಂದ ಚಿಂಚವಾಡದ ದಾರಿ ಇಡೀ ಊರನ್ನು ಅಡ್ಡಲಾಗಿ ದಾಟುವ ದಾರಿ. ಮೇಲ್ಸೇತುವೆಯ ಕೆಳಗೆ ಸಿಮೆಂಟಿನ ಲಾರಿಯೊಂದು ಕೆಟ್ಟು ನಿಂತಿತ್ತು. ಟ್ಯಾಕ್ಸಿ ನಿಂತಿತು, ಹಿಂದಿನ ಗಾಡಿಗಳೂ ನಿಂತವು, ಎಲ್ಲರೂ ಹಾರ್ನ್ ಬಾರಿಸಿದರು. ನೀತಾ ಕೀಲಿಕೈಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಳಿತಳು. ನಡುನಡುವೆ ಸ್ವಪ್ನಿಲ್ ಸಂದೇಶ ಕಳಿಸುತ್ತಿದ್ದ, ಎಲ್ಲಿಗೆ ಬಂದಿರಿ? ಎಲ್ಲಿಗೆ ಬಂದಿರಿ? ಕೊನೆಕೊನೆಗೆ ಅವನೂ ಕೇಳುವುದನ್ನು ಬಿಟ್ಟ.

ಅವಳು ತಲುಪಿದಾಗ ಬಿಸಿಲು ಇಳಿದಿತ್ತು. ಸಬ್‌ಸ್ಟೇಷನ್ನಿನ ಗೇಟಿನಲ್ಲಿ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಒಬ್ಬಳು ಮರಾಠಿಯಲ್ಲಿ, "ಬಂದಳು ನೋಡಿ ಮಹಾರಾಣಿ! ಇವಳ ಮನೆಯಲ್ಲಿ ನೀರಿದೆ, ಇವಳಿಗೇನು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನೀತಾ ಟ್ಯಾಕ್ಸಿಯನ್ನು ನೇರವಾಗಿ ಲೈನಿನ ಕಡೆಗೆ ಒಯ್ದಳು. ಮೊದಲು ಕಂಬ, ಆ ಮೇಲೆ ಬೀಗ.

ಕೊನೆಯ ಕಂಬದ ಹತ್ತಿರ, ಬೇವಿನ ಮರದ ಕೆಳಗೆ, ಗ್ಯಾಂಗು ಕುಳಿತಿತ್ತು. ಹಗ್ಗ ಸುತ್ತಿಟ್ಟಿದ್ದರು, ಬುತ್ತಿ ಉಂಡು ಮುಗಿದಿತ್ತು, ಗುತ್ತಿಗೆದಾರನ ಟೆಂಪೊ ಅವರಿಗಾಗಿ ನಿಂತಿತ್ತು. ಪರ್ಮಿಟ್ ಹಿಡಿದವರು ಬಂದು ಮುಖ ನೋಡುವ ತನಕ ಯಾರೂ ಜಾಗ ಬಿಡಬಾರದೆಂಬುದು ಅವರ ರೂಢಿ. ಟ್ಯಾಕ್ಸಿಯಿಂದ ಇಳಿದವಳನ್ನು ಕಂಡು ಎಲ್ಲರೂ ಒಟ್ಟಿಗೆ ಎದ್ದು ನಿಂತರು.

"ಬಂದ್ರಪಾ ಬಂದ್ರು!" ಎಂದ ಕಾಂತಪ್ಪ. "ಎಲ್ಲಿ ಹೋಗಿದ್ರಿ ಅಕ್ಕಾರ? ದಾರಿ ನೋಡಿ ನೋಡಿ ಕಣ್ಣು ಬ್ಯಾನಿ ಆದ್ವು."

"ಚಿಕ್ಕಿ ತಂದಾರೇನ ಕೇಳು" ಎಂದ ಮಾಂತು ಹಿಂದಿನಿಂದ.

ಹೊಲದಂಥ ಆ ಬಯಲನ್ನು ದಾಟಿ ಅವರ ಕಡೆ ನಡೆಯುವಾಗ ನೀತಾಳ ಎದೆಯಲ್ಲಿ ಎರಡು ವರ್ಷದಿಂದ ಬಿಗಿದಿದ್ದೇನೋ ಸಡಿಲವಾಯಿತು. ಇಷ್ಟು ಜನ ತನ್ನ ದಾರಿ ನೋಡಿದ್ದರು. ಗೇಟಿನ ಬೈಗುಳವೂ ಆ ಗಳಿಗೆಯಲ್ಲಿ ಅವಳಿಗೆ ಕಹಿಯೆನಿಸಲಿಲ್ಲ. ಬೈಯಲಾದರೂ ಅವರು ಕಾದಿದ್ದರು. ಅವಳಿಗೆ ಸಂತೋಷವಾಯಿತು. ಕಾಲೊನಿಯ ಜನ ನೀರಿಲ್ಲದೆ ನಿಂತಿದ್ದಾಗ ಅವಳಿಗೆ ಸಂತೋಷವಾಯಿತು. ಬರೆಯಲು ಚೆನ್ನಾಗಿರದಿದ್ದರೂ ನಡೆದದ್ದು ಅದು.

ಒಬ್ಬೊಬ್ಬರ ಮುಖವನ್ನೂ ನೋಡಿ, ಕಂಬ ಕಂಬದ ಬಳಿಗೂ ನಡೆದು, ಸುರಕ್ಷತೆಗೆಂದು ತಂತಿಯಿಂದ ನೆಲಕ್ಕೆ ಇಳಿಬಿಟ್ಟಿದ್ದ ಸರಪಳಿಗಳೆಲ್ಲ ಕೆಳಗೆ ಬಂದಿವೆಯೆಂದು ಕೈಮುಟ್ಟಿ ನೋಡಿದಳು. ಎಲ್ಲ ಸರಿಯಿತ್ತು. ಸ್ವಪ್ನಿಲ್ ಹೇಳಿದ್ದಷ್ಟೂ ಹಾಗೆಯೇ ಇತ್ತು. ಧರ್ಮರಾಜ ಆಗಲೇ ಬೀಗ ಒಡೆದಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಹಡಪಸರಕ್ಕ ಹೋಗಿದ್ದೆ" ಎಂದಳು ಕಾಂತಪ್ಪನಿಗೆ. ಏಕೆ ಹೇಳಿದಳೋ, ಬೇರೆ ಯಾರಿಗೂ ಹೇಳಿರಲಿಲ್ಲ. "ಹೊಸಾ ನೌಕರಿ ಮಾತಿಗೆ. ಬಿಡಬೇಕೋ ಇರಬೇಕೋ ಗೊತ್ತಾಗವಲ್ದು."

"ನೌಕರಿ ಬಿಡಾಕ ಇಷ್ಟ್ಯಾಕ್ ವಿಚಾರ ಮಾಡ್ತೀರಿ?" ಕಾಂತಪ್ಪ ನಕ್ಕ. "ನಾವು ವರ್ಷಾ ದೀಪಾವಳಿಗೊಮ್ಮೆ ಸಾವ್ಕಾರನ್ನ ಬದಲ್ ಮಾಡ್ತೀವಿ. ಈ ವರ್ಷ ನಾಸಿಕಕ್ಕ ಹೊಂಟೀವಿ, ಅಲ್ಲಿ ಬ್ಯಾರೆ ಗುತ್ತೇದಾರ ಕರದಾನ. ನಿಮಗ ಹೇಳಿದ್ದಿಲ್ಲೇನು?"

"ಇಲ್ಲ."

"ಹೇಳೂದೇನದ ಬಿಡ್ರಿ ಅದರಾಗ. ನಾವ್ ಹೋದ್ರ ಇನ್ನೊಂದು ಗ್ಯಾಂಗ್ ಬರ್ತದ. ಕಂಬ ಏನ್ ಹೆಸರ ಕೇಳ್ತದೇನು?"

ಹುಡುಗರು ನಗುತ್ತ ಟೆಂಪೊ ಹತ್ತಿದರು. ನೀತಾ ಸಬ್‌ಸ್ಟೇಷನ್ನಿಗೆ ಬಂದು ಬೀಗ ತೆಗೆದಳು. ಧರ್ಮರಾಜ ಸ್ವಿಚ್ಚು ಹಾಕಿದ. ಕಾಲೊನಿಯಲ್ಲಿ ಮೋಟರುಗಳು ಗುಂಯ್ಯೆಂದವು, ಸ್ವಲ್ಪ ಹೊತ್ತು ಗಾಳಿಯನ್ನೇ ಎಳೆದು ಒಂದೊಂದಾಗಿ ನಿಂತವು. ನೀರಿನ ಹೊತ್ತು ಮೀರಿಹೋಗಿತ್ತು. ಹೆಂಗಸರು ಖಾಲಿ ಕೊಡಗಳನ್ನೇ ಹೊತ್ತು ಹೋದರು.

ಸ್ವಪ್ನಿಲ್ ಕಟ್ಟೆಯ ಮೇಲೆ ಕುಳಿತಿದ್ದ. ಅವನು ಮರಾಠಿಯಲ್ಲಿ, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಹೇಳಿದ: "ಮ್ಯಾಡಮ್, ನನ್ನ ಹೆಸರಿಗೊಂದು ಬೀಗ ಇದ್ದಿದ್ದರೆ ಮಧ್ಯಾಹ್ನವೇ ಕರೆಂಟ್ ಬಿಡಬಹುದಿತ್ತು."

"ಹೌದು" ಎಂದಳು ನೀತಾ.

ಆ ಸಂಜೆ ಅವಳು ಪೋಳಿ-ಭಾಜಿಯ ಪೊಟ್ಟಣ ಬಿಚ್ಚದೆ ಮೇಜಿನ ಮುಂದೆ ಕುಳಿತಳು. ಓದಿದವಳು, ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹಿಂದಕ್ಕೆ ಹೋಗಿ ಹುಡುಕುವ ಅಭ್ಯಾಸವಿದ್ದವಳು. ಹುಡುಕಿದಾಗ ಸಿಕ್ಕಿತು. ಆ ಜನ ಕಾದದ್ದು ಕೀಲಿಕೈಗಾಗಿ. ಅದನ್ನು ಯಾವ ಟ್ಯಾಕ್ಸಿಯವನ ಕೈಯಲ್ಲಿ ಕಳಿಸಿದ್ದರೂ ಅವನನ್ನು ಕಂಡು ಅಷ್ಟೇ ಆತುರದಿಂದ ಎದ್ದು ನಿಲ್ಲುತ್ತಿದ್ದರು. ಸ್ವಪ್ನಿಲ್ ಕಲಿತು ಯಾವ ಕಾಲವಾಯಿತೋ! ಅವನಿಗೆ ಬೀಗ ಕೊಡಿಸಿದರೆ ಗುರುವಾರ ಸಂಜೆ ತನ್ನ ದಾರಿ ನೋಡುವವರು ಯಾರೂ ಉಳಿಯುವುದಿಲ್ಲವೆಂದು ಕೊಡಿಸಿರಲಿಲ್ಲ. ಶಾಲು ಹೊದಿಸಿ ಮೆಚ್ಚಿದ ನಿಷ್ಠೆಯ ಒಳಗೆ ಇದ್ದದ್ದು ಇಷ್ಟೇ. ನಾಂದೇಡಕ್ಕೂ ಗಡಚಿರೋಲಿಗೂ ಹೋಗದಿದ್ದುದರ ಒಳಗೂ ಇದೇ ಇತ್ತೋ ಏನೋ. ಆ ಲೆಕ್ಕ ಕೇಳುವವಳು ಈಗ ಇರಲಿಲ್ಲ.

ಮರುದಿನ ಅವಳು ಮೇಲಧಿಕಾರಿಯ ಬಳಿಗೆ ಹೋಗಿ, ಪರ್ಮಿಟ್ ಹಿಡಿದು ಜಾಗ ಬಿಟ್ಟದ್ದನ್ನು ತಾನಾಗಿಯೇ ಹೇಳಿದಳು. ಅವರು, ಯಾರೂ ದೂರು ಕೊಟ್ಟಿಲ್ಲ, ಬಿಟ್ಟುಬಿಡಿ ಎಂದರು. ಅವಳು ಬಿಡಲಿಲ್ಲ. ಕೊನೆಗೆ ಅವರು ಬೇಸರದಿಂದಲೇ ಒಂದು ಎಚ್ಚರಿಕೆಯನ್ನು ಬರೆದು ಕೊಟ್ಟರು. ಅದನ್ನು ತೆಗೆದುಕೊಂಡು, ಅಲ್ಲೇ ಕುಳಿತು ಸ್ವಪ್ನಿಲನ ಶಿಫಾರಸು ಬರೆದಳು. ನಾಲ್ಕು ದಿನದಲ್ಲಿ ಅವನ ಪರೀಕ್ಷೆಯಾಯಿತು, ಹೊಸ ಕೆಂಪು ಬೀಗ ಬಂತು.

ಮುಂದಿನ ಗುರುವಾರ ಪರ್ಮಿಟ್ ಅವನ ಹೆಸರಿನಲ್ಲಿತ್ತು. ನೀತಾ ಕಚೇರಿಯಲ್ಲಿ ಕುಳಿತಳು. ಓದಬೇಕಾದ ಕಾಗದಗಳನ್ನು ಓದಿದಳು, ಚಹಾ ತರಿಸಿದಳು, ಕುಡಿಯಲು ಮರೆತಳು. ಕಿಟಕಿಯಿಂದ ಯಾವ ಕಂಬವೂ ಕಾಣುವುದಿಲ್ಲವೆಂಬುದು ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಗಮನಕ್ಕೆ ಬಂತು. ಫೋನನ್ನು ಎತ್ತಿ ನೋಡಿ ಮತ್ತೆ ಇಟ್ಟಳು. ಕಾಯುವುದೆಂದರೆ ಹೀಗಿರುತ್ತದೆ. ತಾಯಿ ಇದನ್ನು ವಾರವಾರವೂ ಮಾಡಿದ್ದಳು, ಒಮ್ಮೆಯೂ ಫೋನ್ ಮಾಡಿ ಪೀಡಿಸಿರಲಿಲ್ಲ.

ಸಂಜೆ ಸ್ವಪ್ನಿಲ್ ಹೆಲ್ಮೆಟ್ ಬಿಚ್ಚುತ್ತ ಬಾಗಿಲಲ್ಲಿ ಕಾಣಿಸಿಕೊಂಡ.

"ಎಲ್ಲರೂ ಇಳಿದರೇ?" ಎಂದು ಕೇಳಿದಳು. ಮರಾಠಿಯಲ್ಲೇ ಕೇಳಿದಳು, ಆದರೂ ಆ ಪ್ರಶ್ನೆ ಯಾರದೆಂದು ಅವಳಿಗೆ ಗೊತ್ತಾಯಿತು.

"ಇಳಿದರು ಮ್ಯಾಡಮ್" ಎಂದ ಅವನು, ಕೈಯಲ್ಲಿದ್ದ ಫೋನನ್ನು ನೋಡುತ್ತಲೇ. ಒಂದೇ ಮಾತು. ಅವಳೂ ಮನೆಯಲ್ಲಿ ಹಾಗೆಯೇ, ಒಂದೇ ಮಾತಿನಲ್ಲಿ, ಮುಖ ನೋಡದೆ ಹೇಳಿಬಿಡುತ್ತಿದ್ದಳು.

ಅವನು ಹೋದ ಮೇಲೆ ಭಾಗ್ಯಾಳಿಗೆ ಫೋನ್ ಮಾಡಿದಳು. "ಬರ್ತೀನ್ರಿ" ಎಂದಳು. ಭಾಗ್ಯಾ ಕೂಗಿಕೊಂಡು ಸಂತೋಷ ಪಟ್ಟಳು. ಇನ್ನು ಇಲ್ಲಿ ಹಿಡಿದಿಡುವಂಥದ್ದು ಏನೂ ಉಳಿದಿರಲಿಲ್ಲ. ಅಲ್ಲಿ ಕರೆಯುವಂಥದ್ದು ಇತ್ತೇ ಎಂದರೆ, ಕೆಲಸವಿತ್ತು. ಸರಿಯಾದ ಕ್ರಮದಲ್ಲಿ ನಡೆಯುವ, ಯಾರೊಬ್ಬರ ಒಂಟಿತನದ ಮೇಲೂ ನಿಲ್ಲದ ಕೆಲಸ. ಅದು ಸಾಕೆಂದು ತೀರ್ಮಾನಿಸಿದಳು.

ಬಿಡುಗಡೆಯ ಕಾಗದಗಳು ತಿರುಗಾಡಿ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಕಾಂತಪ್ಪನ ಗ್ಯಾಂಗು ನಾಸಿಕಕ್ಕೆ ಹೋಗಿತ್ತು, ಹೇಳಿ ಹೋಗಲು ಯಾರೂ ಬಂದಿರಲಿಲ್ಲ. ಅವಳ ಕೊನೆಯ ದಿನ ಶುಕ್ರವಾರ ಬಂತು. ಕೆಲಸ ಬಿಡುವವರ ಬೀಗವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ಅವರ ಎದುರಿಗೇ ಒಡೆದು ಹಾಕುತ್ತಾರೆ. ನೀತಾ ಸಬ್‌ಸ್ಟೇಷನ್ನಿಗೆ ಹೋಗಿ ಬೀಗವನ್ನೂ ಕೀಲಿಕೈಯನ್ನೂ ಧರ್ಮರಾಜನ ಮೇಜಿನ ಮೇಲೆ ಇಟ್ಟಳು.

ಧರ್ಮರಾಜ ಸುತ್ತಿಗೆ ತೆಗೆದುಕೊಂಡು ಅವಳ ಮುಖ ನೋಡಿದ. "ಈಗರೆ ಒಡೀಲೇನ್ರಿ ಮ್ಯಾಡಮ್ಮಾರ?"

ಇಬ್ಬರಿಗೂ ನಗು ಬಂತು. "ಒಡೀರಿ" ಎಂದಳು.

ಗಟ್ಟಿ ಬೀಗ, ಒಂದು ಏಟಿಗೆ ಒಡೆಯಲಿಲ್ಲ. ಮೂರ್ನಾಲ್ಕು ಬೇಕಾದವು. ಚೂರುಗಳ ಜೊತೆ ಕೀಲಿಕೈಯನ್ನೂ ಅವನು ಗುಜರಿಯ ಡಬ್ಬಕ್ಕೆ ಎಸೆದ.

ಹಡಪಸರದಲ್ಲಿ ಹಾಜರಾಗಬೇಕಾದದ್ದು ಸೋಮವಾರ. ನಡುವೆ ಎರಡು ದಿನಗಳಿದ್ದವು. ಮನೆಯ ದಾರಿಯಲ್ಲಿ ನೀತಾ ಪೋಳಿ-ಭಾಜಿಯ ಅಂಗಡಿಯನ್ನು ದಾಟಿ ಹೋಗಿ ಕಿರಾಣಿಯ ಮುಂದೆ ಸ್ಕೂಟರ್ ನಿಲ್ಲಿಸಿದಳು. ಜೋಳದ ಹಿಟ್ಟು ಕೇಳಿದಳು. ಎಷ್ಟು ಕಟ್ಟಲಿ ಎಂದ ಅಂಗಡಿಯವನು. ಒಬ್ಬರಿಗೆ ಎಷ್ಟು ಬೇಕಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.